ಮೂವತ್ತೇಳು ಮಕ್ಕಳು, ಒಂದೇ ತಾರೀಖು

(ಅರಸೀಕೆರೆ ಕಡೆಯ ಒಂದು ಹಳ್ಳಿಯ ಸಮುದಾಯ ಭವನದಲ್ಲಿ, ಜನವರಿಯ ಒಂದು ಭಾನುವಾರ ಹತ್ತನೇ ತರಗತಿಯ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಮಾತಿನ ಧಾಟಿ ಹಾಗೇ ಇರಲಿ ಅಂತ ಜಾಸ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದೆ ಗೋಡೆಗೆ ಒರಗಿ ನಿಂತಿರುವವರು ಮುಂದೆ ಬನ್ನಿ, ಜಮಖಾನ ಖಾಲಿ ಇದೆ. ಇಂಗ್ಲಿಷ್ ಮೇಷ್ಟ್ರು ಅಂದ ಕೂಡಲೇ ಹಿಂದೆ ಕೂರುವ ಅಭ್ಯಾಸ ನಮ್ಮ ಕಡೆ ಅಪ್ಪಂದಿರಿಗೂ ಇದೆ, ಮಕ್ಕಳಿಗೂ ಇದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಕ್ಲಾಸಿನಲ್ಲಿ 37 ಮಕ್ಕಳಿದ್ದರು. ನವೆಂಬರ್ 14, ಮಕ್ಕಳ ದಿನಾಚರಣೆ. ಸಿಹಿ ಹಂಚಿದ ಮೇಲೆ ಒಂದು ಪಿರಿಯಡ್ ಉಳಿಯಿತು. ಪತ್ರ ಬರೆಯುವುದನ್ನು ಹೇಳಿಕೊಟ್ಟೆ. ಹೇಳಿಕೊಟ್ಟೆ ಅನ್ನುವುದು ಸುಳ್ಳು. ಬೋರ್ಡಿನ ಮೇಲೆ ಒಂದು ಪತ್ರ ಬರೆದೆ, ಮಕ್ಕಳು ಕಾಪಿ ಮಾಡಿಕೊಂಡರು. ಶಾಲೆಯ ಪ್ರವಾಸಕ್ಕೆ ಐನೂರು ರೂಪಾಯಿ ಕಳಿಸಿ ಅಂತ ಅಪ್ಪನಿಗೆ ಬರೆಯುವ ಪತ್ರ. ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆಗೆ ಸಾಕು ಅಂದೆ. ಅವರು ಮಾಡಿದರು.

ಫೆಬ್ರವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ ಬಂತು. ಅಣ್ಣನ ಮದುವೆಗೆ ಗೆಳೆಯನನ್ನು ಕರೆದು ಪತ್ರ ಬರೆಯಿರಿ ಅಂತ ಕೇಳಿದ್ದರು. ಸಂಜೆ ಮನೆಯಲ್ಲಿ ಪೇಪರ್ ತಿದ್ದಲು ಕೂತೆ. 37 ಪತ್ರಗಳಲ್ಲೂ ತಾರೀಖು ನವೆಂಬರ್ 14. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಗೆಳೆಯನನ್ನು ಮದುವೆಗೆ ಕರೆದು, ಜೊತೆಗೆ ಐನೂರು ರೂಪಾಯಿ ಕಳಿಸು ಅಂತಲೂ ಬರೆದಿದ್ದರು. ಒಬ್ಬನಂತೂ ಗೆಳೆಯನಿಗೇ 'ಮೈ ಡಿಯರ್ ಫಾದರ್' ಅಂತ ಶುರು ಮಾಡಿದ್ದ.

ನಕ್ಕೆ. ಹೆಂಡತಿಯನ್ನು ಕರೆದು ತೋರಿಸಿ ಇನ್ನೊಂದು ಸಲ ನಕ್ಕೆ. ಅವಳು ಎರಡು ಪೇಪರ್ ನೋಡಿ, "ಪಾಪ, ನೀವು ಹೇಳಿದ್ದನ್ನೇ ಬರೆದಿದಾರೆ ಅಲ್ವಾ" ಅಂದಳು. ಹೌದು, ಒಂದಕ್ಷರ ಆಚೀಚೆ ಆಗಿರಲಿಲ್ಲ. ಆ ಮಕ್ಕಳು ಇಡೀ ರಾತ್ರಿ ನಿದ್ದೆಗೆಟ್ಟು ಓದಿದ್ದರು. ಸೋಮಾರಿತನ ನನ್ನದಾಗಿತ್ತು.

ಇವತ್ತು ನಾನು ಹೇಳಲು ಬಂದಿರುವುದು ಇದರ ಸುತ್ತಲಿನದೇ. ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ಗೆ ನಮ್ಮ ಮಕ್ಕಳು ಬಹಳ ಓದುತ್ತಾರೆ. ಓದುತ್ತಾರೆ ಅಂದರೆ ಗೈಡ್ ಹಿಡಿದುಕೊಂಡು ತೂಗಾಡುತ್ತಾ ಉರು ಹೊಡೆಯುತ್ತಾರೆ. ಪರೀಕ್ಷೆಯಲ್ಲಿ ಬಾಯಿಗೆ ಕೆಲಸವೇ ಇಲ್ಲ. ಕೈಗೆ ಕೆಲಸ. ಆ ಕೈ ಮಾತ್ರ ವರ್ಷವಿಡೀ ಸ್ವಂತದ್ದು ಅಂತ ಒಂದು ವಾಕ್ಯ ಬರೆದಿರುವುದಿಲ್ಲ.

ಇಲ್ಲಿರುವ ಮಕ್ಕಳೆಲ್ಲ ಕನ್ನಡ ಮೀಡಿಯಂ. ನಿಮಗೆ ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ ಭಾಷೆ. ಪೇಪರ್ 80 ಅಂಕಕ್ಕೆ. ಉಳಿದ 20 ಆಂತರಿಕ ಮೌಲ್ಯಮಾಪನದ್ದು, ಎಫ್‌ಎ, ಅಂದರೆ ಫಾರ್ಮೇಟಿವ್ ಅಸೆಸ್‌ಮೆಂಟ್, ಒಂದು, ಎರಡು, ಮೂರು, ನಾಲ್ಕು ಅಂತ ವರ್ಷವಿಡೀ ಮಾಡಿಸುವುದು. ಅದು ಬಹುಪಾಲು ಆಗಿಹೋಗಿದೆ, ಅದರ ಚಿಂತೆ ಬಿಡಿ. ಈ 80ರಲ್ಲಿ ಪಾಠ ಮತ್ತು ಪದ್ಯದ ಪ್ರಶ್ನೆಗಳು ಒಂದು ಭಾಗ. ವ್ಯಾಕರಣ ಇನ್ನೊಂದು ಭಾಗ. ಮೂರನೆಯದು ನೀವೇ ಕಟ್ಟಿ ಬರೆಯಬೇಕಾದದ್ದು: ಪತ್ರ, ಪ್ರಬಂಧ, ಚಿತ್ರ ನೋಡಿ ವಿವರಿಸುವುದು, ಸುಳಿವು ಕೊಟ್ಟ ಕಥೆಯನ್ನು ಬೆಳೆಸುವುದು, ಒಬ್ಬರ ಪರಿಚಯ ಬರೆಯುವುದು. ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವುದೂ ಉಂಟು. ಅದರ ಉತ್ತರ ಅಲ್ಲೇ ಅಚ್ಚಾಗಿರುತ್ತದೆ. ಹುಡುಕಿ ತೆಗೆಯುವುದಷ್ಟೇ ಕೆಲಸ.

ಶಾಲೆಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಅಂತ ಒಂದು ಇದೆ. ಮಕ್ಕಳಿಗೆ ಗೊತ್ತು. ಕಂಠಪಾಠದ ಪದ್ಯ ಇಷ್ಟು, ಪತ್ರ ಒಂದು, ಪ್ರಬಂಧ ಎರಡು, ಇಷ್ಟು ಮಾಡಿದರೆ ಪಾಸು ಅನ್ನುವ ಲೆಕ್ಕ. ನಾನೂ ಕೊಟ್ಟಿದ್ದೇನೆ. ಬೈಯಲು ಹೋಗುವುದಿಲ್ಲ. ಜೂನ್‌ನಲ್ಲಿ ಎ ಬಿ ಸಿ ಡಿ ತಡವರಿಸುವ ಹುಡುಗ ಮಾರ್ಚ್‌ನಲ್ಲಿ ಪಾಸಾಗಬೇಕು ಅಂದರೆ ಮೇಷ್ಟ್ರು ತಾನೇ ಏನು ಮಾಡಬೇಕು? ಆದರೆ ಪ್ಯಾಕೇಜನ್ನೂ ಬಾಯಿಪಾಠ ಮಾಡಿದರೆ ನನ್ನ 37 ಮಕ್ಕಳ ಗತಿಯೇ ಆಗುತ್ತದೆ. ಪ್ರಶ್ನೆ ಸ್ವಲ್ಪ ಓರೆಯಾದರೂ ಸಾಕು, ಪ್ಯಾಕೇಜಿನ ಕಟ್ಟು ಬಿಚ್ಚಿಹೋಗುತ್ತದೆ.

ಈಗ ವ್ಯಾಕರಣಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ, ಯಾಕೆಂದರೆ ಇದು ನನ್ನ ಇಷ್ಟದ ಜಾಗ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಬರುವುದಿಲ್ಲ ಅನ್ನುತ್ತಾರೆ. ನನ್ನ ಅನುಭವದಲ್ಲಿ ಮಕ್ಕಳು ಸುಮ್ಮಸುಮ್ಮನೆ ತಪ್ಪು ಮಾಡುವುದಿಲ್ಲ. ಕನ್ನಡದ ಬುದ್ಧಿಯಿಂದ ಇಂಗ್ಲಿಷ್ ಬರೆಯುತ್ತಾರೆ, ಹಾಗಾಗಿ ಎಲ್ಲರೂ ಅದೇ ಜಾಗದಲ್ಲಿ ಎಡವುತ್ತಾರೆ. ಜಾಗ ಗೊತ್ತಿದ್ದರೆ ದಾಟುವುದು ಸುಲಭ.

ಕ್ವೆಶ್ಚನ್ ಟ್ಯಾಗ್, ಅಂದರೆ ವಾಕ್ಯದ ಕೊನೆಗೆ ಸೇರಿಸುವ ಪ್ರಶ್ನೆಯ ಬಾಲ, ಅದನ್ನು ತೆಗೆದುಕೊಳ್ಳಿ. ನಮಗೆ 'ಅಲ್ವಾ' ಅನ್ನುವ ಒಂದೇ ಮಾತು ಸಾಕು. ನೀನು ಬರ್ತೀಯ ಅಲ್ವಾ, ಅವಳು ಹಾಡ್ತಾಳೆ ಅಲ್ವಾ, ಮಳೆ ಬರಲಿಲ್ಲ ಅಲ್ವಾ. ಎಲ್ಲಕ್ಕೂ ಒಂದೇ ಬೀಗದ ಕೈ. ಇಂಗ್ಲಿಷ್‌ನವರಿಗೆ ಆ ಭಾಗ್ಯ ಇಲ್ಲ. ವಾಕ್ಯದಲ್ಲಿ ಯಾವ ಸಹಾಯಕ ಕ್ರಿಯಾಪದ ಇದೆಯೋ ಅದನ್ನೇ ಹಿಂದಕ್ಕೆ ತಿರುಗಿಸಿ ಹಾಕಬೇಕು. 'ಶಿ ಕ್ಯಾನ್ ಸಿಂಗ್' ಅಂದರೆ 'ಕಾಂಟ್ ಶಿ'. 'ರವಿ ಡಿಡ್ ನಾಟ್ ಕಮ್' ಅಂದರೆ 'ಡಿಡ್ ಹಿ'. ವಾಕ್ಯ ಹೌದು ಅಂದರೆ ಬಾಲ ಇಲ್ಲ ಅನ್ನಬೇಕು, ವಾಕ್ಯ ಇಲ್ಲ ಅಂದರೆ ಬಾಲ ಹೌದು ಅನ್ನಬೇಕು. ಹೆಸರಿದ್ದ ಕಡೆ ಬಾಲದಲ್ಲಿ ಹಿ, ಶಿ, ದೇ ಬರಬೇಕು. ನಮ್ಮ ಮಕ್ಕಳು ಎಲ್ಲಕ್ಕೂ 'ಇಸ್ನ್ಟ್ ಇಟ್' ಹಾಕುತ್ತಾರೆ. ಅದು 'ಅಲ್ವಾ' ಅನ್ನುವುದಕ್ಕೆ ಇಂಗ್ಲಿಷ್ ಅಂಗಿ ಹಾಕಿದ ಹಾಗೆ.

ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವುದು, ಇನ್ನೂ ಚೆನ್ನಾಗಿದೆ. ರವಿ ಏನಂದ? "ನಾನು ನಾಳೆ ಬರ್ತೀನಿ ಅಂತ ಅಂದ." ನೋಡಿ, ನಾವು ರವಿಯ ಮಾತನ್ನು ಹಾಗೇ ಎತ್ತಿ, 'ಅಂತ' ಅನ್ನುವ ಡಬ್ಬಿಗೆ ಹಾಕಿ, ಮುಂದಿನವರಿಗೆ ಕೊಡುತ್ತೇವೆ. 'ನಾನು' ನಾನಾಗಿಯೇ ಇರುತ್ತದೆ, 'ನಾಳೆ' ನಾಳೆಯಾಗಿಯೇ ಇರುತ್ತದೆ. ಅದಕ್ಕೇ ಮಕ್ಕಳು 'ರವಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ' ಅಂತ ಬರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಹಾಗೆ ಬರೆದರೆ ಬರುವವನು ರವಿ ಅಲ್ಲ, ಬರೆದವನು! ಇಂಗ್ಲಿಷ್‌ನಲ್ಲಿ ಮಾತು ಕೈ ಬದಲಾಯಿಸಿದಾಗ ಎಲ್ಲವೂ ಹೇಳುವವನ ಕಡೆಯಿಂದ ಬದಲಾಗುತ್ತದೆ. ಐ ಹೋಗಿ ಹಿ ಆಗುತ್ತದೆ, ವಿಲ್ ಹೋಗಿ ವುಡ್ ಆಗುತ್ತದೆ, ಟುಮಾರೋ ಹೋಗಿ ದ ನೆಕ್ಸ್ಟ್ ಡೇ ಆಗುತ್ತದೆ. ಈ ಮೂರು ಬದಲಾವಣೆಯನ್ನು ಒಂದು ವಾರ ದಿನಕ್ಕೆ ಐದು ವಾಕ್ಯದಂತೆ ಮಾಡಿ. ಗೈಡಿನ ವಾಕ್ಯ ಬೇಡ. ಮನೆಯಲ್ಲಿ ಅಮ್ಮ ಏನಂದಳು, ತಂಗಿ ಏನಂದಳು, ಅದನ್ನೇ ಬರೆಯಿರಿ.

ಆರ್ಟಿಕಲ್, ಅಂದರೆ 'ಎ', 'ಆ್ಯನ್', 'ದ', ಇವಕ್ಕೆ ಎಲ್ಲರೂ ಹೆದರುತ್ತಾರೆ. ಕನ್ನಡದಲ್ಲಿ ಅದು ಇಲ್ಲವೇ ಇಲ್ಲ ಅಂತ ನನಗೂ ಕಾಲೇಜಿನಲ್ಲಿ ಹೇಳಿದ್ದರು. ಅಜ್ಜಿ ಕಥೆ ಹೇಗೆ ಶುರುವಾಗುತ್ತದೆ ನೆನಪಿಸಿಕೊಳ್ಳಿ. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಹೆಂಡಿರು." ಮೊದಲ ಸಲ ರಾಜ ಬಂದಾಗ 'ಒಬ್ಬ'. ನಮಗೆ ಅವನು ಪರಿಚಯ ಆದ ಮೇಲೆ 'ಆ'. ಇಂಗ್ಲಿಷ್‌ನ 'ಎ' ಮತ್ತು 'ದ' ಮಾಡುವ ಕೆಲಸ ಬಹುಪಾಲು ಇಷ್ಟೇ. ಅಜ್ಜಿ ಯಾವ ಗ್ರಾಮರ್ ಓದದೆ ಇದನ್ನು ಮಾಡುತ್ತಾಳೆ. ಅನುಮಾನ ಬಂದಾಗ ವಾಕ್ಯವನ್ನು ಅಜ್ಜಿಯ ಬಾಯಲ್ಲಿ ಇಟ್ಟು ನೋಡಿ. 'ಒಂದು', 'ಒಬ್ಬ' ಅನ್ನುತ್ತಾಳೋ, 'ಆ' ಅನ್ನುತ್ತಾಳೋ? ಎಲ್ಲ ಕಡೆ ಕೆಲಸ ಮಾಡುವುದಿಲ್ಲ, ಸೂರ್ಯ ಚಂದ್ರರಿಗೆಲ್ಲ ಇಂಗ್ಲಿಷ್‌ನವರು 'ದ' ಹಾಕುತ್ತಾರೆ. ಆದರೂ ಹತ್ತಕ್ಕೆ ಏಳು ಕಡೆ ಅಜ್ಜಿ ಕೈಬಿಡುವುದಿಲ್ಲ.

ಹಾಗೆಯೇ 'ಎ' ಎಲ್ಲಿ, 'ಆ್ಯನ್' ಎಲ್ಲಿ? ಎ, ಇ, ಐ, ಓ, ಯು ಮುಂದೆ ಆ್ಯನ್ ಅಂತ ಬಾಯಿಪಾಠ ಮಾಡಿಸುತ್ತೇವೆ. ಮಕ್ಕಳು 'ಆ್ಯನ್ ಯೂನಿವರ್ಸಿಟಿ' ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಲೆಕ್ಕ ಇರುವುದು ಕಾಗುಣಿತದ ಮೇಲಲ್ಲ, ಕಿವಿಗೆ ಬೀಳುವ ಸದ್ದಿನ ಮೇಲೆ. ನಮ್ಮ ಲಿಪಿಯೋ ಸದ್ದನ್ನೇ ಬರೆಯುವ ಲಿಪಿ. ಆ ಪದವನ್ನು ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆಯಿರಿ. 'ಅವರ್' ಅಂದರೆ ಗಂಟೆ, ಸ್ವರದಿಂದ ಶುರು, ಆ್ಯನ್ ಹಾಕಿ. ಇಂಗ್ಲಿಷ್‌ನಲ್ಲಿ ಅದು ಹೆಚ್ ಅಕ್ಷರದಿಂದ ಶುರುವಾದರೆ ನಮಗೇನು? 'ಎಂಎಲ್‌ಎ' ಸ್ವರದಿಂದ ಶುರು, ಆ್ಯನ್. 'ಯೂನಿವರ್ಸಿಟಿ' ಯಕಾರದಿಂದ ಶುರು, ಎ. ಒಂದೇ ಒಂದು ಎಚ್ಚರಿಕೆ: ಒಂದು ಅನ್ನುವುದಕ್ಕೆ ಇಂಗ್ಲಿಷ್‌ನಲ್ಲಿ 'ಒನ್' ಅಂತ ಬರೆದುಕೊಳ್ಳಬೇಡಿ, 'ವನ್' ಅಂತ ಬರೆದುಕೊಳ್ಳಿ. ಆಗ ಅದೂ ಸರಿಹೋಗುತ್ತದೆ.

ಒಂದು ಪದದಲ್ಲಿ ಉಚ್ಚಾರದ ತುಂಡು ಎಷ್ಟು ಅಂತ ಕೇಳುವ ಸಿಲಬಲ್ ಪ್ರಶ್ನೆಯಲ್ಲಿ ಮಾತ್ರ ಕನ್ನಡ ಸ್ವಲ್ಪ ಕಾಟ ಕೊಡುತ್ತದೆ. ನಾವು ಬಸ್ ಅನ್ನುವುದಿಲ್ಲ, ಬಸ್ಸು ಅನ್ನುತ್ತೇವೆ. ಬುಕ್ಕು, ಪೆನ್ನು, ಕಾರು. ಇಸ್ಕೂಲು ಅಂತೂ ಮುಂದೆ ಒಂದು, ಹಿಂದೆ ಒಂದು ಸ್ವರ ಸೇರಿಸಿಕೊಂಡು ಮೂರಾಗಿಬಿಟ್ಟಿದೆ. ಇಂಗ್ಲಿಷ್‌ನಲ್ಲಿ ಇವೆಲ್ಲ ಒಂದೇ ಸಿಲಬಲ್. ಗದ್ದದ ಕೆಳಗೆ ಕೈ ಇಟ್ಟುಕೊಂಡು ಪದ ಹೇಳಿ, ಗದ್ದ ಎಷ್ಟು ಸಲ ಕೆಳಗೆ ಬರುತ್ತದೋ ಅಷ್ಟು. ಆದರೆ ಕೊನೆಯ 'ಉ' ಬಿಟ್ಟು ಹೇಳಬೇಕು. ಎಲ್ಲರೂ ಒಂದು ಸಲ ಮಾಡಿ ನೋಡೋಣ. (ಇಲ್ಲಿ ಎರಡು ನಿಮಿಷ ಎಲ್ಲರೂ ಗದ್ದ ಹಿಡಿದುಕೊಂಡು 'ಬಸ್' ಅಂದರು. ಅಪ್ಪಂದಿರೇ ಜೋರಾಗಿ ಅಂದರು.)

ಇನ್ನೊಂದು, ವಾಕ್ಯದಲ್ಲಿ ಕರ್ತೃ ಬಿಟ್ಟುಹೋಗುವುದು. 'ನಿನ್ನೆ ಸಂತೆಗೆ ಹೋದೆ' ಅಂದರೆ ನಾನೇ ಹೋದದ್ದು ಅಂತ 'ಹೋದೆ' ಅನ್ನುವುದರಲ್ಲೇ ಗೊತ್ತಾಗುತ್ತದೆ. ಇಂಗ್ಲಿಷ್‌ನ 'ವೆಂಟ್' ಯಾರು ಹೋದರು ಅಂತ ಹೇಳುವುದಿಲ್ಲ. ಅದಕ್ಕೆ ಐ ಬೇಕೇ ಬೇಕು. ಬರೆದಾದ ಮೇಲೆ ಪ್ರತಿ ವಾಕ್ಯಕ್ಕೂ "ಯಾರು?" ಅಂತ ಕೇಳಿ. ಉತ್ತರ ಕಾಗದದ ಮೇಲೆ ಇರಬೇಕು. ಪ್ಯಾಸಿವ್ ವಾಯ್ಸ್ ಬಗ್ಗೆ ಹೆಚ್ಚೇನಿಲ್ಲ. 'ರಾಮನಿಂದ ಹಣ್ಣು ತಿನ್ನಲ್ಪಟ್ಟಿತು' ಅಂತ ನಮ್ಮ ಊರಲ್ಲಿ ಯಾರೂ ಅನ್ನುವುದಿಲ್ಲ, ಹಾಗಾಗಿ ಅದನ್ನು ಲೆಕ್ಕದ ಸೂತ್ರದ ಹಾಗೆಯೇ ಕಲಿಯಿರಿ.

ಪಾಠಗಳಿಗೆ ಬರುತ್ತೇನೆ. ನಾನು ಬಹಳ ವರ್ಷ ಕಲಿಸಿದ ಹತ್ತನೇ ತರಗತಿಯ ಪುಸ್ತಕದಲ್ಲಿ ಆರ್. ಕೆ. ನಾರಾಯಣ್ ಅವರ 'ಎ ಹೀರೋ' ಇದೆ. ನಮ್ಮ ಮೈಸೂರಿನಲ್ಲಿ ಬಾಳಿದವರು ಬರೆದದ್ದು. ಸ್ವಾಮಿ ಅನ್ನುವ ಹುಡುಗ. ಹುಲಿಯ ಜೊತೆ ಹೋರಾಡಿದ ಒಬ್ಬ ಹುಡುಗನ ಸುದ್ದಿಯನ್ನು ಅಪ್ಪ ಪೇಪರ್‌ನಲ್ಲಿ ಓದಿ, ಧೈರ್ಯ ಇದ್ದರೆ ಆಯಿತು ಅನ್ನುತ್ತಾರೆ. ನಿನಗೆ ಧೈರ್ಯ ಇದ್ದರೆ ಇವತ್ತು ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಅನ್ನುತ್ತಾರೆ. ಅಜ್ಜಿಯ ಪಕ್ಕ ಮಲಗುವ ಹುಡುಗ ಅವನು. ಹೆದರಿ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾನೆ. ಕತ್ತಲಲ್ಲಿ ಏನೋ ಹತ್ತಿರ ಬಂದಾಗ ಹಿಡಿದು ಕಚ್ಚಿಬಿಡುತ್ತಾನೆ. ಬಂದವನು ಕಳ್ಳ. ಕಚ್ಚಿಸಿಕೊಂಡು 'ಅಯ್ಯೋ' ಅನ್ನುತ್ತಾನೆ. ಇಂಗ್ಲಿಷ್ ಪಾಠದ ನಡುವೆ ಹಾಗೇ 'ಅಯ್ಯೋ' ಅಂತಲೇ ಅಚ್ಚಾಗಿದೆ. ಆ ಜಾಗ ಬಂದಾಗ ಪ್ರತಿ ವರ್ಷವೂ ಕ್ಲಾಸು ಎದ್ದು ಕೂರುತ್ತಿತ್ತು.

ಇದರ ಮೇಲೆ ಗೈಡಿನ ಉತ್ತರ ಒಂದೇ: ಸ್ವಾಮಿ ಧೈರ್ಯವಂತ ಹುಡುಗ, ಕಳ್ಳನನ್ನು ಹಿಡಿದ. ಪ್ರಶ್ನೆ ಸ್ವಲ್ಪ ತಿರುಗಿದರೆ? ಸ್ವಾಮಿ ನಿಜವಾಗಿ ಹೀರೋನಾ, ನಿನ್ನ ಅಭಿಪ್ರಾಯ ಏನು ಅಂತ ಕೇಳಿದರೆ? ಗೈಡ್ ಓದಿದವನು ಅಲ್ಲೇ ನಿಲ್ಲುತ್ತಾನೆ. ಕಥೆ ಗೊತ್ತಿದ್ದವನು ಬರೆಯುತ್ತಾನೆ: ಅವನು ಕಚ್ಚಿದ್ದು ಧೈರ್ಯದಿಂದಲ್ಲ, ಹೆದರಿಕೆಯಿಂದ, ಮಾರನೇ ದಿನ ಊರೆಲ್ಲ ಹೊಗಳಿದರೂ ರಾತ್ರಿ ಮತ್ತೆ ಅಜ್ಜಿಯ ಪಕ್ಕವೇ ಮಲಗಿದ. ಇದನ್ನು ಮೂರು ಮುರುಕು ವಾಕ್ಯದಲ್ಲಿ ಬರೆದರೂ, ಗೈಡಿನ ಹತ್ತು ವಾಕ್ಯಕ್ಕಿಂತ ಅದು ಉತ್ತರ.

ಇಲ್ಲಿ ಮನೆಯವರ ಪಾತ್ರ ಬರುತ್ತದೆ. "ಸಾರ್, ನಮಗೆ ಇಂಗ್ಲಿಷ್ ಬರಲ್ಲ, ನಾವೇನು ಹೇಳಿಕೊಡೋದು" ಅಂತ ಪ್ರತಿ ಪಾಲಕರ ಸಭೆಯಲ್ಲೂ ಕೇಳುತ್ತೀರಿ. ಹೇಳಿಕೊಡಬೇಡಿ, ಕೇಳಿಸಿಕೊಳ್ಳಿ. ರಾತ್ರಿ ಊಟಕ್ಕೆ ಕೂತಾಗ, "ಇವತ್ತು ಯಾವ ಪಾಠ? ಕಥೆ ಹೇಳು" ಅನ್ನಿ. ಮಗು ಕನ್ನಡದಲ್ಲೇ ಹೇಳಲಿ. ನನ್ನ ಒಬ್ಬ ವಿದ್ಯಾರ್ಥಿನಿ ಅವಳ ಅಜ್ಜಿಗೆ ಈ ಕಥೆ ಹೇಳಿದಳಂತೆ. ಅಜ್ಜಿ ಕೊಬ್ಬರಿ ಹೋಳು ಮಾಡುತ್ತಾ ಕೇಳಿ, "ಅಲ್ಲ ಕಣೆ, ಹುಲಿ ಸುದ್ದಿ ಓದಿ ಮಗೂನ ಒಬ್ಬನೇ ಮಲಗಿಸ್ತಾನಲ್ಲ, ಅವನೆಂಥ ಅಪ್ಪ? ಅವನ ತಾಯಿ ಸುಮ್ನಿದ್ಲಾ?" ಅಂದರಂತೆ. ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ಎದ್ದು ಪುಸ್ತಕ ತೆಗೆದು ಆ ಭಾಗ ಮತ್ತೆ ಓದಿದಳು. ನಾನು ಆರು ತಿಂಗಳು ಹೇಳಿದರೂ ಆ ಹುಡುಗಿ ಪುಸ್ತಕವನ್ನು ತಾನಾಗಿ ತೆರೆದಿರಲಿಲ್ಲ. ಕನ್ನಡದಲ್ಲಿ ಕಥೆ ಹೇಳಲಾಗದ ಮಗು ಇಂಗ್ಲಿಷ್‌ನಲ್ಲಿ ಉತ್ತರ ಬರೆಯುವುದು ಆಗದ ಮಾತು. ಕನ್ನಡದಲ್ಲಿ ಚೆನ್ನಾಗಿ ಹೇಳುವ ಮಗುವಿಗೆ ಬೇಕಾದ್ದು ಪದಗಳು ಮಾತ್ರ. ಒಂದು ಪಾಠಕ್ಕೆ ಇಪ್ಪತ್ತು ಪದ ಸಾಕು.

ಪದ್ಯದ ಪ್ರಶ್ನೆಗಳಲ್ಲಿ ಎರಡು ಸಾಲು ಕೊಟ್ಟು, ಯಾರು ಹೇಳಿದ್ದು, ಯಾರಿಗೆ, ಯಾಕೆ ಅಂತ ಕೇಳುವುದು ಜಾಸ್ತಿ. ಇಲ್ಲಿ ವಿ. ಕೃ. ಗೋಕಾಕರ 'ದ ಸಾಂಗ್ ಆಫ್ ಇಂಡಿಯಾ' ಮಕ್ಕಳನ್ನು ಸುತ್ತಿಸುತ್ತದೆ. ಅದರಲ್ಲಿ ಇಬ್ಬರು ಮಾತಾಡುತ್ತಾರೆ: ಕವಿ ಮತ್ತು ತಾಯಿ ಭಾರತಿ. ನಿನ್ನ ಬಗ್ಗೆ ಏನು ಹಾಡಲಿ, ಹಿಮಾಲಯ ಹಾಡಲೇ, ಕಡಲು ಹಾಡಲೇ ಅಂತ ಮಗ ಕೇಳುತ್ತಾನೆ. ನನ್ನ ಬೀದಿಯಲ್ಲಿರುವ ಭಿಕ್ಷುಕರನ್ನು, ಕುಷ್ಠರೋಗಿಗಳನ್ನು ಹಾಡು ಅನ್ನುತ್ತಾಳೆ ತಾಯಿ. 'ಐ' ಅಂದರೆ ಯಾರು, 'ಮೈ' ಅಂದರೆ ಯಾರದು ಅನ್ನುವುದು ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ಪುಸ್ತಕದಲ್ಲಿ ಕವಿಯ ಸಾಲಿಗೆ 'ಕ', ತಾಯಿಯ ಸಾಲಿಗೆ 'ತಾ' ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಅರ್ಧ ಗಂಟೆಯ ಕೆಲಸ.

ಒಂದು ಮಾತು, ಪರೀಕ್ಷೆಗೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಕನ್ನಡವೇ ಪ್ರಥಮ ಭಾಷೆಯಾಗಬೇಕು ಅಂತ 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಇದೇ ಗೋಕಾಕರು. ಆ ವರದಿಗಾಗಿಯೇ ಗೋಕಾಕ್ ಚಳವಳಿ ನಡೆದದ್ದು, ರಾಜ್‌ಕುಮಾರ್ ಬೀದಿಗಿಳಿದದ್ದು. ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರಬಹುದು. ಆ ಗೋಕಾಕರು ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಓದಿದವರು, ಇಂಗ್ಲಿಷ್ ಪ್ರೊಫೆಸರ್, ಕನ್ನಡಕ್ಕೆ ಜ್ಞಾನಪೀಠ ತಂದವರು. ಕನ್ನಡ ಮೀಡಿಯಂ ಅಂತ ತಲೆ ತಗ್ಗಿಸುವ ಮಕ್ಕಳಿಗೆ ನಾನು ಈ ಪದ್ಯ ಮಾಡುವ ಮೊದಲು ಇಷ್ಟನ್ನು ಹೇಳಿಯೇ ಶುರು ಮಾಡುತ್ತಿದ್ದೆ.

ಬಾಯಿಪಾಠವೇ ಬೇಕಾಗುವುದು ಒಂದು ಕಡೆ ಇದೆ: ನೆನಪಿನಿಂದ ಪದ್ಯದ ಸಾಲು ಬರೆಯುವುದು. ಷೇಕ್ಸ್‌ಪಿಯರ್‌ನ ನಾಟಕದಲ್ಲಿ ಪೋರ್ಷಿಯಾ ದಯೆಯ ಬಗ್ಗೆ ಆಡುವ ಮಾತು ನಿಮ್ಮಲ್ಲಿ ಅರ್ಧ ಜನಕ್ಕೆ ಈಗಲೇ ರಾಗವಾಗಿ ಬರುತ್ತದೆ. ಬರೆಯಲು ಹೇಳಿದರೆ? ಕಿವಿಯಿಂದ ಕಲಿತದ್ದು ಕಿವಿಯ ಹಾಗೆಯೇ ಕಾಗದಕ್ಕೆ ಬರುತ್ತದೆ. ಎರಡು ಪದ ಸೇರಿ ಒಂದಾಗುತ್ತದೆ, ಸಾಲು ಎಲ್ಲೋ ಮುರಿಯುತ್ತದೆ, ಈಗ ಬಳಕೆಯಲ್ಲಿಲ್ಲದ ಹಳೆಯ ಕ್ರಿಯಾಪದಗಳ ಸ್ಪೆಲ್ಲಿಂಗ್ ಕೈಕೊಡುತ್ತದೆ. ದಿನಕ್ಕೆ ಎರಡೇ ಸಾಲು. ನೋಡಿ ಬರೆಯಿರಿ, ಪುಸ್ತಕ ಮುಚ್ಚಿ ಬರೆಯಿರಿ, ತೆರೆದು ಕೆಂಪು ಪೆನ್ನಿನಲ್ಲಿ ನೀವೇ ತಿದ್ದಿ. ಅರ್ಥವೂ ಗೊತ್ತಿರಲಿ. ದಯೆ ಅನ್ನುವುದು ಯಾರ ಬಲವಂತಕ್ಕೂ ಬರುವುದಿಲ್ಲ, ಮೇಲಿನಿಂದ ಮೆತ್ತಗೆ ಬೀಳುವ ಮಳೆಯ ಹಾಗೆ, ಕೊಟ್ಟವನಿಗೂ ಒಳ್ಳೆಯದು ಪಡೆದವನಿಗೂ ಒಳ್ಳೆಯದು. ಮಳೆಗೆ ಕಾಯುವ ಸೀಮೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾ?

ಕಟ್ಟಿ ಬರೆಯುವ ಪ್ರಶ್ನೆಗಳು. ಪತ್ರಕ್ಕೆ 5 ಅಂಕ. ಅದರಲ್ಲಿ ಒಂದು ಪಾಲು ವಿಳಾಸ, ತಾರೀಖು, ಸಂಬೋಧನೆ, ಕೊನೆಯ ಸಹಿಯ ಜಾಗ ಇವುಗಳಿಗೇ ಬರುತ್ತದೆ. ಅಷ್ಟನ್ನು ಬಾಯಿಪಾಠ ಮಾಡಿ, ಬೇಡ ಅನ್ನುವುದಿಲ್ಲ. ತಾರೀಖು ಮಾತ್ರ ಆವತ್ತಿನದು ಹಾಕಿ! ಪ್ರಶ್ನೆಯಲ್ಲಿ ನೀನು ಇಂಥ ಊರಿನ ಇಂಥ ಹುಡುಗ ಅಂತ ಕೊಟ್ಟಿರುತ್ತಾರೆ. ಆ ಹೆಸರನ್ನೇ ಬರೆಯಬೇಕು. ನಿಮ್ಮ ಹೆಸರು, ನಿಮ್ಮ ಶಾಲೆ ಉತ್ತರ ಪತ್ರಿಕೆಯ ಒಳಗೆ ಎಲ್ಲೂ ಬರಬಾರದು. ಒಳಗಿನ ವಿಷಯಕ್ಕೆ ನಾಲ್ಕೈದು ಚಿಕ್ಕ ವಾಕ್ಯ ಸಾಕು. ಮದುವೆಗೆ ಕರೆಯುವುದಾ? ಯಾರ ಮದುವೆ, ಯಾವತ್ತು, ಎಲ್ಲಿ, ನೀನು ಬರಲೇಬೇಕು, ಮನೆಯವರನ್ನೂ ಕರೆದುಕೊಂಡು ಬಾ. ಇದನ್ನು ನೀವು ಫೋನಿನಲ್ಲಿ ದಿನಾ ಮಾತಾಡುತ್ತೀರಿ.

ಒಬ್ಬರ ಪರಿಚಯ ಬರೆಯುವ ಪ್ರಶ್ನೆಯಲ್ಲಿ ಹೆಸರು, ವಯಸ್ಸು, ಓದು, ಹವ್ಯಾಸ ಅಂತ ಸುಳಿವು ಕೊಟ್ಟಿರುತ್ತಾರೆ. ಮಕ್ಕಳು ಆ ಪಟ್ಟಿಯನ್ನೇ ನೋಡಿ ಇಳಿಸಿಬಿಡುತ್ತಾರೆ. ಪಟ್ಟಿಯ ಪ್ರತಿ ಸಾಲಿಗೂ ಒಂದು ಕ್ರಿಯಾಪದ ಸೇರಿಸಿ, ವಾಕ್ಯ ಆಯಿತು. ಚಿತ್ರದ ಪ್ರಶ್ನೆಗೆ ಮೊದಲ ವಾಕ್ಯ ಇದು ಯಾವ ಜಾಗ ಅಂತ. ಆಮೇಲೆ ಯಾರ್ಯಾರು ಇದ್ದಾರೆ, ಏನೇನು ಮಾಡುತ್ತಿದ್ದಾರೆ. ಎಲ್ಲ ಕ್ರಿಯಾಪದಕ್ಕೂ ಇಸ್ ಅಥವಾ ಆರ್, ಕೊನೆಗೆ ಇಂಗ್. ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಮನಸ್ಸಿನಲ್ಲೇ ಇದನ್ನು ಮಾಡಬಹುದು. ತಿಪಟೂರು ಬಸ್ಸು ಹೇಗೂ ಬೇಗ ಬರುವುದಿಲ್ಲ.

ಇನ್ನು ಪೇಪರ್ ತಿದ್ದುವವರ ಕಡೆಯಿಂದ ಒಂದೆರಡು ಮಾತು. ಮೌಲ್ಯಮಾಪನಕ್ಕೆ ನಾನು ಬಹಳ ವರ್ಷ ಹೋಗಿದ್ದೇನೆ. ಎದುರಿಗೆ ಬಂಡಲ್, ಪಕ್ಕದಲ್ಲಿ ಕೀ ಉತ್ತರ, ಮೇಲೆ ಗಿರಗಿರ ಅನ್ನುವ ಫ್ಯಾನು. ತಿದ್ದುವವರು ರಾಕ್ಷಸರಲ್ಲ. ಅಂಕ ಕೊಡಲು ಕಾರಣ ಹುಡುಕುತ್ತಿರುತ್ತಾರೆ. ಪ್ರಶ್ನೆಯ ನಂಬರ್ ತಪ್ಪು ಹಾಕಿದರೆ, ಖಾಲಿ ಬಿಟ್ಟರೆ, ಕಾರಣವೇ ಸಿಗುವುದಿಲ್ಲ. ಕೆಲವರು ಉತ್ತರದ ಬದಲು ಪ್ರಶ್ನೆಯನ್ನೇ ಇಳಿಸಿರುತ್ತಾರೆ. ಅದಕ್ಕೆ ಅಂಕ ಇಲ್ಲ. ಮುರುಕು ಇಂಗ್ಲಿಷ್‌ನಲ್ಲಿ ಪ್ರಶ್ನೆಗೆ ಸರಿಯಾದ ಒಂದು ವಾಕ್ಯ ಇದ್ದರೆ ಅದಕ್ಕೆ ಅಂಕ ಇದೆ. ಅಕ್ಷರ ಮುತ್ತಿನ ಹಾಗೆ ಇರಬೇಕಾಗಿಲ್ಲ. ಪದ ಪದದ ನಡುವೆ ಜಾಗ ಬಿಟ್ಟರೆ ಸಾಕು. ಅದೊಂದಕ್ಕೆ ದಿನಕ್ಕೆ ಅರ್ಧ ಪುಟ ಕಾಪಿ ರೈಟಿಂಗ್ ಈಗಲೂ ಮಾಡಬಹುದು, ನಾಚಿಕೆ ಬೇಡ.

ಶುರುವಿನಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ ಕೊಡುತ್ತಾರೆ. ಅಕ್ಕಪಕ್ಕ ನೋಡುತ್ತಾ ಕಳೆಯಬೇಡಿ. ಪತ್ರದ ಪ್ರಶ್ನೆ ಯಾರಿಗೆ, ಯಾಕೆ ಅನ್ನುವ ಎರಡು ಪದವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಿ. ನನ್ನ 37 ಮಕ್ಕಳು ಆ ಎರಡು ಪದ ಓದಿದ್ದರೆ ಗೆಳೆಯನ ಹತ್ತಿರ ದುಡ್ಡು ಕೇಳುತ್ತಿರಲಿಲ್ಲ.

ಉಳಿದ ದಿನಗಳಿಗೆ ನನ್ನ ಲೆಕ್ಕ ಸರಳ. ದಿನಕ್ಕೆ ಹತ್ತು ವಾಕ್ಯ ಸ್ವಂತದ್ದು. ಇವತ್ತು ಏನಾಯಿತು ಅಂತ ಬರೆಯಿರಿ. ಹಸು ಕರು ಹಾಕಿತು, ಕರೆಂಟು ಹೋಯಿತು, ಅಣ್ಣ ಬೈದ. ತಪ್ಪಾಗಲಿ. ವಾರಕ್ಕೊಮ್ಮೆ ನಿಮ್ಮ ಇಂಗ್ಲಿಷ್ ಟೀಚರ್‌ಗೆ ತೋರಿಸಿ. ಪರೀಕ್ಷಾ ಬೋರ್ಡಿನವರ ಮಾದರಿ ಪ್ರಶ್ನೆಪತ್ರಿಕೆಗಳು ಅವರ ವೆಬ್‌ಸೈಟಿನಲ್ಲಿ ಸಿಗುತ್ತವೆ. ಭಾನುವಾರಕ್ಕೆ ಒಂದರಂತೆ, ಗಡಿಯಾರ ಇಟ್ಟುಕೊಂಡು, ಪೂರ್ತಿ ಬರೆಯಿರಿ. ಮಧ್ಯೆ ಟೀ ಕುಡಿಯಲು ಎದ್ದರೆ ಲೆಕ್ಕಕ್ಕಿಲ್ಲ.

ಮಾತು ಮುಗಿಸಿದ ಮೇಲೆ ಪ್ರಶ್ನೆ ಕೇಳಿ ಅಂದೆ. ಒಬ್ಬ ತಾಯಿ ಎದ್ದು, ಮಗ ಫೇಲಾದರೆ ಒಂದು ವರ್ಷ ಹೋಗುತ್ತಲ್ಲ ಸಾರ್ ಅಂದರು. ಮೊದಲಿನ ಹಾಗೆ ಇಲ್ಲಮ್ಮ ಅಂದೆ. 2024ರಲ್ಲಿ ಸಪ್ಲಿಮೆಂಟರಿ ಅನ್ನುವ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಬಂತು. ಅಂಕ ಕಡಿಮೆ ಬಂತು ಅನ್ನುವವರೂ ಮತ್ತೆ ಬರೆಯಬಹುದು, ಜಾಸ್ತಿ ಬಂದದ್ದನ್ನು ಇಟ್ಟುಕೊಳ್ಳಬಹುದು. ತಿದ್ದಿದ್ದರಲ್ಲಿ ಅನುಮಾನ ಇದ್ದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು, ಮರುಮೌಲ್ಯಮಾಪನಕ್ಕೆ ಹಾಕಬಹುದು.

ಕೊನೆಯಲ್ಲಿ ಕಿಟಕಿ ಪಕ್ಕ ಕೂತಿದ್ದ ಒಬ್ಬ ಹುಡುಗ ಕೈ ಎತ್ತಿದ. "ಸಾರ್, ಲಾಸ್ಟ್ ಪೇಜಲ್ಲಿ, ನಾವು ಬಡವರು, ದಯವಿಟ್ಟು ಪಾಸು ಮಾಡಿ ಅಂತ ಬರೆದ್ರೆ ಮಾಡ್ತಾರಾ?"

ಎಲ್ಲರೂ ನಕ್ಕರು. ಯಾವ ಭಾಷೆಯಲ್ಲಿ ಬರೆಯುತ್ತೀಯಪ್ಪ ಅಂದೆ.

"ಇಂಗ್ಲಿಷಲ್ಲೇ ಸಾರ್."

ಹಾಗಾದರೆ ಇಲ್ಲೇ ಬರೆದು ತೋರಿಸು ಅಂತ ಚಾಕ್‌ಪೀಸ್ ಕೊಟ್ಟೆ. ಎದ್ದು ಬಂದು ಬೋರ್ಡಿನ ಮೇಲೆ ಎರಡು ವಾಕ್ಯ ಬರೆದ. ಒಂದು ಆರ್ಟಿಕಲ್ ಬಿಟ್ಟಿದ್ದ. ಮಿಕ್ಕಿದ್ದೆಲ್ಲ ಸರಿಯಾಗಿತ್ತು.